ಮೂವತ್ತಮೂರು ಪುಟಗಳ ಒಂದು ಪತ್ರ

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಎರಡೂವರೆ ವರ್ಷದ ಒಂದು ಮಗು ಇದೆ ಎಂದುಕೊಳ್ಳಿ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಆದರೆ ಅಡುಗೆಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದ ಸದ್ದಿಗೆ ಓಡಿ ಬರುತ್ತದೆ. ಆಟದ ಕಾರನ್ನು ಓಡಿಸುವ ಬದಲು ಬೋರಲು ಹಾಕಿ ಚಕ್ರ ತಿರುಗಿಸುತ್ತಾ ಗಂಟೆಗಟ್ಟಲೆ ಕೂರುತ್ತದೆ. ಬೇಕಾದುದನ್ನು ಬೆರಳಿನಿಂದ ತೋರಿಸದೆ ತಾಯಿಯ ಕೈ ಹಿಡಿದು ಅಲ್ಲಿಗೆ ಎಳೆದೊಯ್ಯುತ್ತದೆ. ಒಂದೂವರೆ ವರ್ಷದಲ್ಲಿ ಆಡುತ್ತಿದ್ದ ನಾಲ್ಕು ಮಾತುಗಳೂ ಈಗ ಇಲ್ಲ. "ಗಂಡು ಮಕ್ಕಳಿಗೆ ಮಾತು ತಡ ಕಣಮ್ಮ, ಇವನ ಅಪ್ಪನೂ ಹಾಗೇ ಇದ್ದ" ಎಂದು ಅಜ್ಜಿ ಸಮಾಧಾನ ಹೇಳುತ್ತಾರೆ. ವೈದ್ಯರು ಆಟಿಸಂ ಇರಬಹುದೇ ನೋಡಬೇಕು ಎಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಡುತ್ತಾರೆ. ಅಲ್ಲಿ ಸರದಿ ಬರಲು ತಿಂಗಳುಗಳೇ ಹಿಡಿಯಬಹುದು. ಸರದಿ ಬಂದ ಮೇಲೂ ಮೊದಲ ಭೇಟಿಯಲ್ಲೇ ಹೌದು ಅಥವಾ ಇಲ್ಲ ಎಂಬ ಉತ್ತರ ಸಿಗುತ್ತದೆಂದು ಹೇಳಲಾಗದು.

ಇಂಥ ತಂದೆತಾಯಿಯರು ನಿಮ್ಮನ್ನು, ಅದರಲ್ಲೂ ನೀವು ಶಿಕ್ಷಕರಾಗಿದ್ದರೆ, ಎರಡು ಪ್ರಶ್ನೆ ಕೇಳುತ್ತಾರೆ. ಒಂದು: ರಕ್ತ ಪರೀಕ್ಷೆಯನ್ನೋ ಸ್ಕ್ಯಾನನ್ನೋ ಮಾಡಿ ಕೂಡಲೇ ಹೇಳಬಾರದೆ? ಇನ್ನೊಂದು: ಅಲ್ಲಿಯವರೆಗೆ ನಾವೇನು ಮಾಡುವುದು?

ಮೊದಲನೆಯದಕ್ಕೆ ಉತ್ತರ ಸುಲಭ. ಆಟಿಸಂ (ಸ್ವಲೀನತೆ) ಇದೆಯೆಂದು ಹೇಳಬಲ್ಲ ರಕ್ತ ಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಕೆಲವು ಮಕ್ಕಳಲ್ಲಿ ಆನುವಂಶಿಕ ಪರೀಕ್ಷೆಯಿಂದ ಕಾರಣದ ಸುಳಿವು ಸಿಗುತ್ತದೆ, ಅಷ್ಟೆ. ಮಗು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ನೋಡಿ, ಹಿಂದೆ ಹೇಗಿತ್ತೆಂದು ಮನೆಯವರಿಂದ ಕೇಳಿಯೇ ರೋಗನಿದಾನ ಮಾಡಬೇಕು. ಎರಡನೆಯ ಪ್ರಶ್ನೆಗೆ ಉತ್ತರ ಬೇಕಾದರೆ ಸ್ವಲ್ಪ ಇತಿಹಾಸ ನೋಡಬೇಕು. ಏಕೆಂದರೆ ಈ ರೋಗನಿದಾನ ಹುಟ್ಟಿದ್ದೇ ಹೆಸರಿಲ್ಲದ ಒಂದು ಸ್ಥಿತಿಯೊಂದಿಗೆ ವರ್ಷಗಟ್ಟಲೆ ಕಾದು ಕುಳಿತ ಒಂದು ಮನೆಯಲ್ಲಿ.

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಫಾರೆಸ್ಟ್ ಎಂಬ ಸಣ್ಣ ಊರಿದೆ. 1933ರಲ್ಲಿ ಅಲ್ಲಿನ ವಕೀಲ ಬೀಮನ್ ಟ್ರಿಪ್ಲೆಟ್ ಮತ್ತು ಮೇರಿ ದಂಪತಿಗೆ ಡೊನಾಲ್ಡ್ ಎಂಬ ಮಗ ಹುಟ್ಟಿದ. ಒಂದು ವರ್ಷದ ಹೊತ್ತಿಗೆ ಹಲವು ಹಾಡುಗಳನ್ನು ರಾಗ ತಪ್ಪದೆ ಗುನುಗುತ್ತಿದ್ದ. ಎರಡು ವರ್ಷವಾಗುವುದರೊಳಗೆ ಅಕ್ಷರಮಾಲೆಯನ್ನು ಹಿಂದಿನಿಂದ ಮುಂದಕ್ಕೂ ಹೇಳಬಲ್ಲವನಾಗಿದ್ದ. ಆದರೆ ಅಪ್ಪ ಮನೆಗೆ ಬಂದರೆ ತಲೆಯೆತ್ತಿ ನೋಡುತ್ತಿರಲಿಲ್ಲ. ಪಾತ್ರೆಗಳನ್ನು ನೆಲದ ಮೇಲೆ ಬುಗುರಿಯಂತೆ ತಿರುಗಿಸುವುದೇ ಅವನಿಗೆ ಪರಮಾನಂದ. ಯಾರಾದರೂ ಅಡ್ಡ ಬಂದರೆ ರಂಪ. 'ನಾನು' ಎನ್ನಬೇಕಾದಲ್ಲಿ 'ನೀನು' ಎನ್ನುತ್ತಿದ್ದ.

1937ರಲ್ಲಿ, ವೈದ್ಯರ ಸಲಹೆಯಂತೆ, ಇನ್ನೂ ನಾಲ್ಕು ತುಂಬದ ಮಗುವನ್ನು ದೂರದ ಸಂಸ್ಥೆಯೊಂದರಲ್ಲಿ ಬಿಟ್ಟರು. ಸುಮಾರು ಒಂದು ವರ್ಷದ ನಂತರ ಮನಸ್ಸು ತಡೆಯದೆ, ಅಲ್ಲಿನ ಮುಖ್ಯಸ್ಥರು ಬೇಡವೆಂದರೂ, ಮರಳಿ ಕರೆತಂದರು. ಒಂದು ವರ್ಷ ನೋಡಿದ್ದೀರಲ್ಲ, ಏನಾಗಿದೆ ಬರೆದುಕೊಡಿ ಎಂದು ಕೇಳಿದಾಗ ಸಂಸ್ಥೆಯಿಂದ ಬಂದದ್ದು ಅರ್ಧ ಪುಟ: ಯಾವುದೋ ಗ್ರಂಥಿಯ ಕಾಯಿಲೆ ಇರಬಹುದಂತೆ.

ತಂದೆ ತಾವೇ ಬರೆಯಲು ಕುಳಿತರು. ತಮ್ಮ ಗುಮಾಸ್ತೆಗೆ ಹೇಳಿ ಟೈಪ್ ಮಾಡಿಸಿದ ಆ ಪತ್ರ 33 ಪುಟಗಳಾಯಿತು. 1938ರಲ್ಲಿ ಅದನ್ನು ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರಿಗೆ ಕಳುಹಿಸಿದರು. ಅಕ್ಟೋಬರಿನಲ್ಲಿ ಮಗನನ್ನು ಕರೆದುಕೊಂಡು ರೈಲು ಹತ್ತಿದರು. ಕ್ಯಾನರ್ ಸಾಮಾನ್ಯ ವೈದ್ಯರಲ್ಲ. ಮಕ್ಕಳ ಮನೋವೈದ್ಯಶಾಸ್ತ್ರದ ಬಗ್ಗೆ ಇಂಗ್ಲಿಷಿನಲ್ಲಿ ಮೊದಲ ಪಠ್ಯಪುಸ್ತಕ ಬರೆದವರು. ಡೊನಾಲ್ಡನನ್ನು ಎರಡು ವಾರ ಇರಿಸಿಕೊಂಡು ನೋಡಿದರೂ ಅವರಿಗೆ ತಿಳಿದಿದ್ದ ಯಾವ ಹೆಸರೂ ಅವನಿಗೆ ಹೊಂದಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಕ್ಯಾನರ್ ತಮಗೊಂದು ವಿನ್ಯಾಸ ಕಂಡಿದೆಯೆಂದು ತಾಯಿ ಮೇರಿಗೆ ಬರೆದು ತಿಳಿಸಿದ್ದು 1942ರಲ್ಲಿ. ಅಂದರೆ ನಾಲ್ಕು ವರ್ಷ ಆ ತಂದೆತಾಯಿ ಹೆಸರಿಲ್ಲದ ಸ್ಥಿತಿಯೊಂದಿಗೆ ಬಾಳಿದರು. ಸುಮ್ಮನೆ ಕೂರಲಿಲ್ಲ. ಮಗನನ್ನು ಶಾಲೆಗೆ ಕಳುಹಿಸಿ ನೋಡಿದರು. ತಾಯಿ ಬಿಡದೆ ಪತ್ರ ಬರೆಯುತ್ತಿದ್ದರು: ಈಗ ಏನು ಕಲಿತಿದ್ದಾನೆ, ಊಟಕ್ಕೆ, ಬಟ್ಟೆ ಹಾಕಿಕೊಳ್ಳಲು ಎಷ್ಟು ನೆರವು ಬೇಕು, ಯಾವ ಆಟ ಬಿಟ್ಟು ಯಾವುದು ಹಿಡಿದ. 1943ರಲ್ಲಿ ಕ್ಯಾನರ್ ಹನ್ನೊಂದು ಮಕ್ಕಳನ್ನು (ಎಂಟು ಹುಡುಗರು, ಮೂವರು ಹುಡುಗಿಯರು) ವರ್ಣಿಸುವ ತಮ್ಮ ಪ್ರಸಿದ್ಧ ಪ್ರಬಂಧ ಪ್ರಕಟಿಸಿದಾಗ ಮೊದಲನೆಯವನೇ ಡೊನಾಲ್ಡ್. ಆ ಭಾಗವನ್ನು ಓದಿದರೆ ಬಹುಪಾಲು ಮಾಹಿತಿ ತಂದೆಯ ಪತ್ರದಿಂದಲೂ ತಾಯಿಯ ಪತ್ರಗಳಿಂದಲೂ ಬಂದದ್ದೆಂದು ತಿಳಿಯುತ್ತದೆ. ಆ ಹನ್ನೊಂದರಲ್ಲಿ ಕೆಲವು ಮಕ್ಕಳನ್ನು ಅಲ್ಲಿಯವರೆಗೆ ಕಿವುಡರೆಂದೋ ಬುದ್ಧಿಮಾಂದ್ಯರೆಂದೋ ತಿಳಿಯಲಾಗಿತ್ತು.

'ಆಟಿಸಂ' ಎಂಬ ಪದ ಕ್ಯಾನರ್ ಸೃಷ್ಟಿಯಲ್ಲ. ಸ್ವಿಸ್ ಮನೋವೈದ್ಯ ಬ್ಲಾಯ್ಲರ್ ಅದನ್ನು 1910ರ ಸುಮಾರಿಗೆ ಸ್ಕಿಜೋಫ್ರೀನಿಯಾದ ಒಂದು ಲಕ್ಷಣಕ್ಕೆ ಬಳಸಿದ್ದರು. ಇಂಥ ಮಕ್ಕಳನ್ನು ಮೊದಲು ಕಂಡವರೂ ಕ್ಯಾನರ್ ಒಬ್ಬರೇ ಅಲ್ಲ. ರಷ್ಯಾದ ಗ್ರುನ್ಯಾ ಸುಖರೇವಾ ಎಂಬ ವೈದ್ಯೆ 1920ರ ದಶಕದಲ್ಲೇ ಆರು ಹುಡುಗರನ್ನು ವರ್ಣಿಸಿದ್ದರು. 1944ರಲ್ಲಿ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಬರೆದರು. ಆದರೆ ಜಗತ್ತಿನ ಕಣ್ಣು ತೆರೆಸಿದ್ದು ಕ್ಯಾನರ್ ಪ್ರಬಂಧ.

ಇನ್ನು ಮುಂದಿನದು ವಿಜ್ಞಾನದ ಇತಿಹಾಸದಲ್ಲಿ ಅಷ್ಟೇನೂ ಹೆಮ್ಮೆಯ ಅಧ್ಯಾಯವಲ್ಲ.

ಆ ಪತ್ರ ಮಗುವಿನ ಪೂರ್ವಚರಿತ್ರೆಯನ್ನು ಅತ್ಯುತ್ತಮವಾಗಿ ಕೊಡುತ್ತದೆಂದು ಕ್ಯಾನರ್ ಮೆಚ್ಚಿದ್ದರು. ಅದೇ ವಾಕ್ಯದಲ್ಲಿ, ಅದರಲ್ಲಿ ಗೀಳಿನಂಥ ವಿವರ ತುಂಬಿದೆ ಎಂದೂ ಬರೆದರು. ಮಗುವಿನ ಈ ಕೊರತೆ ಹುಟ್ಟಿನಿಂದಲೇ ಬಂದದ್ದೆಂದು ಪ್ರಬಂಧದ ಕೊನೆಯಲ್ಲಿ ಹೇಳಿದರೂ, ಈ ಮಕ್ಕಳ ತಂದೆತಾಯಿಯರಲ್ಲಿ ನಿಜಕ್ಕೂ ಮಮತೆಯುಳ್ಳವರು ತೀರ ಕಡಿಮೆ ಎಂದು ಸೇರಿಸಿದರು. 1949ರ ಹೊತ್ತಿಗೆ, ಈ ಮಕ್ಕಳನ್ನು ಕರಗದ ರೆಫ್ರಿಜರೇಟರಿನಲ್ಲಿ ಇಟ್ಟಂತೆ ಬೆಳೆಸಲಾಗಿದೆ ಎಂಬ ಹೋಲಿಕೆ ಅವರ ಬರಹದಲ್ಲಿ ಬಂತು. ಅಲ್ಲಿಂದ 'ರೆಫ್ರಿಜರೇಟರ್ ತಾಯಿ' ಎಂಬ ಮಾತು ಹುಟ್ಟಿ ಹಬ್ಬಿತು. ಷಿಕಾಗೋದ ಬ್ರೂನೋ ಬೆಟಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ನಾಜಿ ಸೆರೆಶಿಬಿರದಲ್ಲಿ ಸ್ವತಃ ಇದ್ದು ಬಂದ ಅವರು, ಈ ಮಕ್ಕಳ ಸ್ಥಿತಿಯನ್ನು ಸೆರೆಯಾಳುಗಳ ಸ್ಥಿತಿಗೆ ಹೋಲಿಸಿದರು. ಹಾಗಾದರೆ ಕಾವಲುಗಾರರು ಯಾರು? ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗುವನ್ನು ಮನೆಯವರಿಂದ ಬೇರೆ ಮಾಡುವುದೇ ಚಿಕಿತ್ಸೆಯಾಯಿತು. ಎಷ್ಟು ತಾಯಂದಿರು ಈ ಹೊರೆ ಹೊತ್ತು ಬದುಕಿದರೋ!

ಇಲ್ಲಿ ತರಗತಿಯಲ್ಲಿ ಚರ್ಚಿಸಬಹುದಾದ ಒಂದು ತಪ್ಪು ಅಡಗಿದೆ. ಕ್ಯಾನರ್ ಬಳಿಗೆ ಬಂದವರೆಲ್ಲ ಓದಿದವರು, ವೃತ್ತಿಪರರು. ಮಗುವನ್ನು ಕೂಲಂಕಷವಾಗಿ ಗಮನಿಸಿ ಬರೆಯಬಲ್ಲವರು. ಆದ್ದರಿಂದ ಇಂಥವರಿಗೇ ಇಂಥ ಮಕ್ಕಳು ಹುಟ್ಟುತ್ತಾರೆಂದು ಕಂಡಿತು. ಆದರೆ 1938ರಲ್ಲಿ ಮಿಸಿಸಿಪಿಯಿಂದ ಬಾಲ್ಟಿಮೋರಿಗೆ 33 ಪುಟ ಟೈಪ್ ಮಾಡಿಸಿ ಕಳುಹಿಸಲು, ರೈಲು ಹತ್ತಿ ಹೋಗಲು ಯಾರಿಂದ ಸಾಧ್ಯವಿತ್ತು? ಹತ್ತಿ ಹೊಲದ ಕೂಲಿಯವರಿಂದಲೇ? ಬಲೆಯ ಕಣ್ಣಿನಷ್ಟೇ ಮೀನು ಸಿಕ್ಕಿದೆ. ಕೆರೆಯಲ್ಲಿ ಬೇರೆ ಗಾತ್ರದ ಮೀನೇ ಇಲ್ಲವೆಂದರೆ ಹೇಗೆ?

ಈ ತಪ್ಪನ್ನು ತಿದ್ದಿದವರಲ್ಲಿ ಮುಖ್ಯರಾದ ಇಬ್ಬರು ಸ್ವತಃ ಆಟಿಸಂ ಇದ್ದ ಮಕ್ಕಳ ತಂದೆತಾಯಿಯರು, ವಿಜ್ಞಾನಿಗಳೂ ಹೌದು.

ಒಬ್ಬರು ಅಮೆರಿಕದ ನೌಕಾದಳದಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್ಲೆಂಡ್. 1956ರಲ್ಲಿ ಹುಟ್ಟಿದ ಮಗನಲ್ಲಿ ಈ ಲಕ್ಷಣಗಳನ್ನು ಕಂಡು, ಸಿಕ್ಕ ಪ್ರಬಂಧಗಳನ್ನೆಲ್ಲ ವರ್ಷಗಟ್ಟಲೆ ಓದಿದರು. 1964ರಲ್ಲಿ ಅವರ ಪುಸ್ತಕ ಹೊರಬಂತು. ಅವರ ತರ್ಕ ನೇರವಾದುದು. ತಾಯಿಯೇ ಕಾರಣವಾದರೆ ಅದೇ ತಾಯಿಯ ಉಳಿದ ಮಕ್ಕಳು ಸಹಜವಾಗಿರುವುದು ಹೇಗೆ? ಗಂಡುಮಕ್ಕಳಲ್ಲೇ ಹೆಚ್ಚಾಗಿ ಕಾಣುವುದೇಕೆ? ಒಂದೇ ಮೊಟ್ಟೆಯಿಂದಾದ ಅವಳಿಗಳಿಬ್ಬರಲ್ಲೂ ಕಾಣುವುದೇಕೆ? ಮಿದುಳಿನ ಬೆಳವಣಿಗೆಯಲ್ಲೇ ಕಾರಣ ಹುಡುಕಬೇಕು ಎಂದರು. ಪುಸ್ತಕಕ್ಕೆ ಮುನ್ನುಡಿ ಬರೆದವರು ಸ್ವತಃ ಕ್ಯಾನರ್! ಪುಸ್ತಕದ ಕೊನೆಯಲ್ಲಿ ತಂದೆತಾಯಿಯರು ತುಂಬಬೇಕಾದ ಪ್ರಶ್ನಾವಳಿಯೊಂದಿತ್ತು. ಓದುಗರು ಅದನ್ನು ತುಂಬಿ ರಿಮ್ಲೆಂಡರಿಗೆ ಕಳುಹಿಸತೊಡಗಿದರು. 1969ರಲ್ಲಿ ತಂದೆತಾಯಿಯರ ಸಂಘದ ಸಭೆಯಲ್ಲಿ ಕ್ಯಾನರ್ ಅವರನ್ನು ದೋಷಮುಕ್ತರೆಂದು ಬಾಯಿಬಿಟ್ಟು ಹೇಳಿದರು. ತಡವಾಯಿತು, ಆದರೂ ಹೇಳಿದರು. 1977ರಲ್ಲಿ ಲಂಡನ್ನಿನ ಫೋಲ್‌ಸ್ಟೀನ್ ಮತ್ತು ರಟರ್ 21 ಜೊತೆ ಅವಳಿಗಳನ್ನು ಪರೀಕ್ಷಿಸಿದರು. ತದ್ರೂಪಿ ಅವಳಿಗಳ 11 ಜೊತೆಗಳಲ್ಲಿ ನಾಲ್ಕರಲ್ಲಿ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಯಲ್ಲದ 10 ಜೊತೆಗಳಲ್ಲಿ ಒಂದರಲ್ಲೂ ಹಾಗಿರಲಿಲ್ಲ. ಆನುವಂಶಿಕತೆಯ ಪಾತ್ರ ಹೀಗೆ ಖಚಿತವಾಗತೊಡಗಿತು.

ಇನ್ನೊಬ್ಬರು ಲಂಡನ್ನಿನ ಮನೋವೈದ್ಯೆ ಲೋರ್ನಾ ವಿಂಗ್. ಅವರ ಮಗಳಿಗೂ ಆಟಿಸಂ ಇತ್ತು. ಆಸ್ಪತ್ರೆಗೆ ಬಂದವರನ್ನು ಎಣಿಸುವ ಬದಲು, ಜೂಡಿತ್ ಗೌಲ್ಡ್ ಜೊತೆ ಸೇರಿ, ಕ್ಯಾಂಬರ್‌ವೆಲ್ ಎಂಬ ಒಂದು ಪ್ರದೇಶದ ಸುಮಾರು 35,000 ಮಕ್ಕಳಲ್ಲಿ ಹುಡುಕಿದರು. ಬಲೆಯನ್ನೇ ಬದಲಾಯಿಸಿದರು ಎನ್ನಿ. 1979ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಕ್ಯಾನರ್ ವರ್ಣನೆಗೆ ಸರಿಯಾಗಿ ಹೊಂದುವವರಿಗಿಂತ ಹಲವು ಪಟ್ಟು ಹೆಚ್ಚು ಮಕ್ಕಳಲ್ಲಿ ಬೆರೆಯುವ, ಸಂವಹಿಸುವ, ಕಲ್ಪಿಸಿ ಆಡುವ ತೊಂದರೆ ಕಂಡಿತು. ವರ್ಗಕ್ಕೂ ಆಟಿಸಂಗೂ ಕಂಡ ನಂಟು ಆಯ್ಕೆಯ ದೋಷವೇ ಇರಬೇಕೆಂದು 1980ರಲ್ಲಿ ವಿಂಗ್ ಬರೆದರು. ಮಳೆಬಿಲ್ಲಿನ ಬಣ್ಣಗಳಂತೆ ಒಂದರೊಳಗೊಂದು ಬೆರೆತ 'ಸ್ಪೆಕ್ಟ್ರಂ' ಎಂಬ ಪರಿಕಲ್ಪನೆ ಬೇರೂರಿದ್ದು ಈ ಕೆಲಸದಿಂದ. 2013ರಲ್ಲಿ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿ ಹಳೆಯ ಉಪಹೆಸರುಗಳನ್ನು ಬಿಟ್ಟು 'ಆಟಿಸಂ ಸ್ಪೆಕ್ಟ್ರಂ' ಎಂಬ ಒಂದೇ ಹೆಸರನ್ನು ಇಟ್ಟುಕೊಂಡಿತು.

ಹಾಗಾದರೆ ತಂದೆತಾಯಿ ಹೇಳಿದ್ದೆಲ್ಲ ಸರಿಯೆ? ಅಲ್ಲ. ಕಂಡದ್ದು ಬೇರೆ, ಕಂಡದ್ದಕ್ಕೆ ಕೊಡುವ ಕಾರಣ ಬೇರೆ. 1998ರಲ್ಲಿ ಬ್ರಿಟನ್ನಿನ ಆಂಡ್ರೂ ವೇಕ್‌ಫೀಲ್ಡ್ ಕೇವಲ 12 ಮಕ್ಕಳ ವರದಿಯೊಂದನ್ನು ಪ್ರಕಟಿಸಿ, ದಡಾರ ಸೇರಿದ ತ್ರಿವಳಿ ಲಸಿಕೆಯ ಮೇಲೆ ಅನುಮಾನ ಬರುವಂತೆ ಮಾಡಿದರು. ಲಸಿಕೆಯ ನಂತರವೇ ಮಗು ಬದಲಾಯಿತೆಂದು ಎಂಟು ಮಕ್ಕಳ ಮನೆಯವರಿಗೆ ಅನ್ನಿಸಿತ್ತು ಎಂಬುದೇ ಅದರ ಆಧಾರ. ಮಾತು ನಿಲ್ಲುವುದು, ನೋಟ ತಪ್ಪುವುದು ಎದ್ದು ಕಾಣುವ ವಯಸ್ಸೂ ಲಸಿಕೆ ಹಾಕಿಸುವ ವಯಸ್ಸೂ ಒಂದೇ. ನಮ್ಮಲ್ಲೂ ದಡಾರ ಲಸಿಕೆಯ ಎರಡನೇ ಡೋಸು 16ರಿಂದ 24 ತಿಂಗಳ ನಡುವೆ ಬರುತ್ತದಷ್ಟೆ. 2002ರಲ್ಲಿ ಡೆನ್ಮಾರ್ಕಿನ 5,37,303 ಮಕ್ಕಳ ಅಧ್ಯಯನ ಪ್ರಕಟವಾಯಿತು. ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. 2010ರಲ್ಲಿ ವೇಕ್‌ಫೀಲ್ಡ್ ಪ್ರಬಂಧವನ್ನು ಪತ್ರಿಕೆ ಹಿಂತೆಗೆದುಕೊಂಡಿತು. ಅವರ ಹೆಸರನ್ನು ವೈದ್ಯರ ಪಟ್ಟಿಯಿಂದಲೂ ತೆಗೆಯಲಾಯಿತು. ಬೆಟಲ್‌ಹೈಮರ ತರ್ಕವನ್ನು ಮುರಿದ ರಿಮ್ಲೆಂಡರೇ ಕೊನೆಗಾಲದಲ್ಲಿ ಲಸಿಕೆಯ ವಾದವನ್ನು ಬೆಂಬಲಿಸಿದರೆಂಬುದು ನನಗೆ ಈ ಇತಿಹಾಸದಲ್ಲೇ ಅತ್ಯಂತ ಬೇಸರದ ಸಂಗತಿ. ಸೆಕ್ರೆಟಿನ್ ಎಂಬ ಹಾರ್ಮೋನಿನ ಕತೆಯೂ ಹೀಗೆಯೇ. ಒಂದು ಮಗುವಿಗೆ ಅದರಿಂದ ಗುಣವಾಯಿತೆಂಬ ಸುದ್ದಿ ಹರಡಿ ಜನ ಮುಗಿಬಿದ್ದರು. 1999ರಲ್ಲಿ ಉಪ್ಪುನೀರಿನ ಚುಚ್ಚುಮದ್ದಿನೊಂದಿಗೆ ಹೋಲಿಸಿ ನೋಡಿದಾಗ ವ್ಯತ್ಯಾಸವೇ ಇರಲಿಲ್ಲ. ಕಾಯುವ ತಂದೆತಾಯಿಯರ ಮುಂದೆ ಇಂದೂ ಇಂಥ 'ಖಚಿತ ಗುಣ'ದ ಜಾಹೀರಾತುಗಳು ಬಂದು ನಿಲ್ಲುತ್ತವೆ.

ಕಂಡದ್ದರ ಬೆಲೆಯನ್ನು ಚೆನ್ನಾಗಿ ತೋರಿಸಿದ್ದು ಹುಟ್ಟುಹಬ್ಬದ ವಿಡಿಯೋಗಳು. ಅಮೆರಿಕದ ಆಸ್ಟರ್ಲಿಂಗ್ ಮತ್ತು ಡಾಸನ್, ಮುಂದೆ ಆಟಿಸಂ ಎಂದು ಗೊತ್ತಾದ 11 ಮಕ್ಕಳ ಮತ್ತು ಸಹಜವಾಗಿ ಬೆಳೆದ 11 ಮಕ್ಕಳ ಮೊದಲ ಹುಟ್ಟುಹಬ್ಬದ ವಿಡಿಯೋ ತರಿಸಿಕೊಂಡು, ಯಾರು ಯಾವ ಗುಂಪಿನವರೆಂದು ಹೇಳದೆ, ನಡವಳಿಕೆಗಳನ್ನು ಎಣಿಸಿದರು. ಇತರರ ಮುಖ ನೋಡುವುದು, ಬೆರಳು ತೋರುವುದು, ವಸ್ತುವನ್ನು ಎತ್ತಿ ತೋರಿಸುವುದು, ಹೆಸರಿಗೆ ತಿರುಗುವುದು ಈ ನಾಲ್ಕರಿಂದಲೇ ಬಹುಪಾಲು ಮಕ್ಕಳನ್ನು ಸರಿಯಾಗಿ ಬೇರ್ಪಡಿಸಲು ಸಾಧ್ಯವಾಯಿತು. 1994ರಲ್ಲಿ ಇದು ಪ್ರಕಟವಾಯಿತು. "ವರ್ಷ ತುಂಬಿದಾಗಲೇ ಏನೋ ಸರಿಯಿಲ್ಲ ಅನ್ನಿಸಿತ್ತು" ಎನ್ನುತ್ತಿದ್ದ ತಾಯಂದಿರ ಮಾತಿಗೆ ಸಾಕ್ಷಿ ಅವರ ಮನೆಯ ಕಪಾಟಿನಲ್ಲೇ ಇತ್ತು!

ಬೆರಳು ತೋರುವುದರಲ್ಲೂ ಎರಡು ಬಗೆ. ಬಿಸ್ಕತ್ತು ಬೇಕೆಂದು ತೋರುವುದು ಒಂದು. ಆಕಾಶದ ವಿಮಾನವನ್ನು ತೋರಿ, 'ನೀನೂ ನೋಡು' ಎಂಬಂತೆ ನಿಮ್ಮ ಮುಖದತ್ತ ತಿರುಗುವುದು ಇನ್ನೊಂದು. ಆಟಿಸಂ ಇರುವ ಮಕ್ಕಳಲ್ಲಿ ಎರಡನೆಯದು ತಡವಾಗುತ್ತದೆ ಅಥವಾ ಕಾಣುವುದಿಲ್ಲ. 1992ರಲ್ಲಿ ಬ್ರಿಟನ್ನಿನಲ್ಲಿ ಹದಿನೆಂಟು ತಿಂಗಳ ಮಕ್ಕಳಿಗೆಂದು ರೂಪಿಸಿದ 'ಚಾಟ್' ಪಟ್ಟಿಯೂ, 2001ರಲ್ಲಿ ಅಮೆರಿಕದಲ್ಲಿ ಅದನ್ನು ಮಾರ್ಪಡಿಸಿ ಮಾಡಿದ 'ಎಂ-ಚಾಟ್' ಪ್ರಶ್ನಾವಳಿಯೂ ಇಂಥ ಸಣ್ಣ ಸಂಗತಿಗಳನ್ನೇ ಕೇಳುತ್ತವೆ. ಎಂ-ಚಾಟ್ ಉತ್ತರಿಸುವವರು ತಂದೆತಾಯಿಯರೇ. ಆದರೆ ನೆನಪಿಡಿ, ಇವು ಸೋಸುವ ಜರಡಿಗಳು. ಜರಡಿಯಲ್ಲಿ ಉಳಿದ ಮಕ್ಕಳಿಗೆಲ್ಲ ಆಟಿಸಂ ಇರುತ್ತದೆಂದಲ್ಲ.

ನಮ್ಮ ದೇಶದಲ್ಲೂ ಹಾದಿ ಮಾಡಿದವರಲ್ಲಿ ತಾಯಿಯೊಬ್ಬರಿದ್ದಾರೆ. ಮೇರಿ ಬರುವಾ 1991ರಲ್ಲಿ ದೆಹಲಿಯಲ್ಲಿ 'ಆ್ಯಕ್ಷನ್ ಫಾರ್ ಆಟಿಸಂ' ಆರಂಭಿಸಿದರು. 1995ರ ಅಂಗವಿಕಲರ ಕಾಯಿದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಬಂತು. 2016ರ ಕಾಯಿದೆಯ 21 ಅಂಗವೈಕಲ್ಯಗಳಲ್ಲಿ ಸೇರಿತು. 2009ರಲ್ಲಿ ಸಿದ್ಧವಾದ ಭಾರತೀಯ ಅಳತೆಪಟ್ಟಿ 'ಇಸಾ'ದಲ್ಲಿ 40 ಅಂಶಗಳಿದ್ದು, ಮಗುವನ್ನು ನೋಡಿ, ಪೋಷಕರನ್ನು ಕೇಳಿ ಅಂಕ ಕೊಡಲಾಗುತ್ತದೆ. ಇಲ್ಲಿಯೂ ಪೋಷಕರ ಮಾತಿಗೆ ಸ್ಥಾನವಿದೆ.

ಈಗ ಎರಡನೆಯ ಪ್ರಶ್ನೆಗೆ ಬರೋಣ. ಕಾಯುವಾಗ ಮಾಡುವುದೇನು?

ಮೊದಲು ಶ್ರವಣ ಪರೀಕ್ಷೆ. ಬಿಸ್ಕತ್ತಿನ ಸದ್ದಿಗೆ ಓಡಿ ಬರುತ್ತದೆಂದು ಬಿಟ್ಟುಬಿಡಬೇಡಿ. ಭಾಗಶಃ ಕಿವುಡೂ ಹಾಗೆಯೇ ಕಾಣಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸದಲ್ಲಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರಕಾರಿ ಶಾಲೆಯ ಮಕ್ಕಳ ತಪಾಸಣೆ ನಡೆಯುತ್ತದೆ. ಅದರ ಪಟ್ಟಿಯಲ್ಲಿ ಆಟಿಸಂ ಸಹ ಇದೆ. ಆಡುತ್ತಿದ್ದ ಮಾತು ನಿಂತುಹೋಗಿದ್ದರೆ ಅದನ್ನು ವೈದ್ಯರಿಗೆ ಕೂಡಲೇ ತಿಳಿಸಬೇಕು. ಸರದಿಯ ದಿನದವರೆಗೆ ಇಟ್ಟುಕೊಳ್ಳಬಾರದು.

ಎರಡನೆಯದು, ಹೆಸರು ಸಿಗದಿದ್ದರೂ ಕಲಿಸುವುದನ್ನು ಆರಂಭಿಸಬಹುದು. ನಮ್ಮ ಪಕ್ಕದ ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ಆಟಿಸಂ ಇದ್ದ 65 ಮಕ್ಕಳ ಮೇಲೆ ನಡೆದ ಪ್ರಯೋಗ 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ತಾಯಿ ಮಗು ಆಡುವುದನ್ನು ವಿಡಿಯೋ ಮಾಡಿ, ತಾಯಿಗೆ ತೋರಿಸಿ, ಮಗು ಎಲ್ಲಿ ನೋಡುತ್ತಿದೆ, ಅದರ ಗಮನವನ್ನು ಹಿಂಬಾಲಿಸಿ ಯಾವಾಗ ಮಾತಾಡಬೇಕು ಎಂದು ಕಲಿಸಿದರು. ಮಕ್ಕಳು ತಾವಾಗಿ ಸಂವಹನಕ್ಕೆ ತೊಡಗುವುದು ಹೆಚ್ಚಿತು. ಆಸ್ಟ್ರೇಲಿಯದಲ್ಲಿ ಇದೇ ಬಗೆಯ ನೆರವನ್ನು ಆರಂಭಿಕ ಸೂಚನೆಗಳಷ್ಟೇ ಕಂಡ, ಒಂದು ವರ್ಷದ ಆಸುಪಾಸಿನ 103 ಶಿಶುಗಳಲ್ಲಿ ಪ್ರಯೋಗಿಸಿದರು. 2021ರ ವರದಿಯಂತೆ, ಮೂರನೇ ವಯಸ್ಸಿನಲ್ಲಿ ನೆರವು ಪಡೆದ ಗುಂಪಿನ ಶೇ. 6.7ರಷ್ಟು ಮಕ್ಕಳು ಆಟಿಸಂನ ಮಾನದಂಡ ಮುಟ್ಟಿದರೆ, ಮಾಮೂಲು ಸೇವೆ ಪಡೆದವರಲ್ಲಿ ಶೇ. 20.5. ಸಂಖ್ಯೆ ಚಿಕ್ಕದು, ಒಂದೇ ಅಧ್ಯಯನ. ಆಟಿಸಂ ತಡೆಯಬಹುದೆಂದು ಕುಣಿಯುವಂತಿಲ್ಲ. ಆದರೆ ರೋಗನಿದಾನಕ್ಕೆ ಮುಂಚೆ ಕೈಕಟ್ಟಿ ಕೂರಬೇಕಿಲ್ಲ ಎಂಬುದಂತೂ ಸ್ಪಷ್ಟ. ಮಗುವಿನೊಂದಿಗೆ ಇಂಗ್ಲಿಷ್ ಒಂದೇ ಮಾತಾಡಿ ಎಂಬ ಸಲಹೆ ಬಂದರೆ ಗಾಬರಿಯಾಗಬೇಡಿ. ಎರಡು ಭಾಷೆ ಕೇಳಿ ಬೆಳೆದುದರಿಂದ ಈ ಮಕ್ಕಳ ಮಾತು ಇನ್ನಷ್ಟು ಹಿಂದುಳಿಯುತ್ತದೆಂದು ಅಧ್ಯಯನಗಳಲ್ಲಿ ಕಂಡಿಲ್ಲ. ಮನೆಯಲ್ಲಿ ಕನ್ನಡವೋ ತುಳುವೋ ಉರ್ದುವೋ, ಅದೇ ಇರಲಿ.

ಮೂರನೆಯದು ಬರೆದಿಡುವುದು. ಒಂದು ನೂರು ಪುಟದ ನೋಟ್ ಪುಸ್ತಕ ಸಾಕು. 'ಹಟಮಾರಿ' ಎಂದು ಬರೆದರೆ ವೈದ್ಯರಿಗೆ ಏನೂ ತಿಳಿಯದು. 'ಮಿಕ್ಸರ್ ಹಾಕಿದಾಗ ಕಿವಿ ಮುಚ್ಚಿಕೊಂಡು ಹತ್ತು ನಿಮಿಷ ಅತ್ತ. ನಿಲ್ಲಿಸಿದ ಮೇಲೆ ಸರಿಹೋದ' ಎಂದರೆ ತಿಳಿಯುತ್ತದೆ. ದಿನಾಂಕ, ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಮಾಡದ್ದರ ಜೊತೆ ಮಾಡಿದ್ದನ್ನೂ ಬರೆಯಿರಿ: ಇಂದು ಮೊದಲ ಬಾರಿ ಲೋಟ ತಂದು ಕೊಟ್ಟ ಎಂಬುದೂ ಮಾಹಿತಿಯೇ. ಮೊಬೈಲಿನಲ್ಲಿ ಎರಡು ನಿಮಿಷದ ವಿಡಿಯೋಗಳಿರಲಿ. ಆಸ್ಪತ್ರೆಯ ಹೊಸ ಕೋಣೆಯಲ್ಲಿ ಮಗು ಮನೆಯಲ್ಲಿದ್ದಂತೆ ಇರುವುದಿಲ್ಲ. ನೀವು ಶಿಕ್ಷಕರಾಗಿದ್ದರೆ, ಅಕ್ಷರ ಬಾರದ ತಾಯಿ ಹೇಳಿದ್ದನ್ನು ಕೇಳಿ ಬರೆದುಕೊಡಬಹುದು. ಟ್ರಿಪ್ಲೆಟ್ ವಕೀಲರಿಗಿದ್ದ ಗುಮಾಸ್ತೆ ಆಕೆಗಿಲ್ಲ.

ಡೊನಾಲ್ಡ್ ಏನಾದ ಎಂದು ಕೇಳುತ್ತೀರಾ? 1942ರಲ್ಲಿ ಅವನನ್ನು ಊರಿನ ಹತ್ತಿರದ ಒಂದು ರೈತ ದಂಪತಿಯ ಮನೆಯಲ್ಲಿ ಬಿಟ್ಟರು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋಗಿ ನೋಡಿ ಬೆರಗಾದರು. ಹುಡುಗನಿಗೆ ಅಳೆಯುವ ಗೀಳು. ಅವರು ಅವನಿಂದ ಬಾವಿ ತೋಡಿಸಿ ಆಳ ಎಷ್ಟೆಂದು ಹೇಳಲು ಬಿಟ್ಟರು. ಜೋಳದ ಸಾಲುಗಳನ್ನು ಎಣಿಸುತ್ತಲೇ ಇರುತ್ತಿದ್ದ. ಉಳುತ್ತಾ ಎಣಿಸು ಎಂದರು. ಸತ್ತ ಹಕ್ಕಿ ಹುಳುಗಳನ್ನು ಕೂಡಿಹಾಕುತ್ತಿದ್ದ. ಅವಕ್ಕೊಂದು ಸ್ಮಶಾನಕ್ಕೆ ಜಾಗ ಕೊಟ್ಟು ಒಂದೊಂದಕ್ಕೂ ಹೆಸರಿನ ಗುರುತು ನೆಡಿಸಿದರು. ಆ ದಂಪತಿ ಯಾವ ಪ್ರಬಂಧವನ್ನೂ ಓದಿದವರಲ್ಲ. ಡೊನಾಲ್ಡ್ ಮುಂದೆ ಕಾಲೇಜು ಸೇರಿ 1958ರಲ್ಲಿ ಪದವಿ ಪಡೆದ. ಫಾರೆಸ್ಟ್ ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿದ, ಕಾರು ಓಡಿಸಲು ಕಲಿತ, ಗಾಲ್ಫ್ ಆಡಿದ, ಒಬ್ಬನೇ ದೇಶ ದೇಶ ಸುತ್ತಿದ. 2023ರ ಜೂನ್‌ನಲ್ಲಿ, 89ನೇ ವಯಸ್ಸಿನಲ್ಲಿ, ತೀರಿಕೊಂಡ.